ಕ್ಯಾಲಿಫೋರ್ನಿಯಾದಲ್ಲಿ ಎಸ್‌ಒಸಿ 832 ಕಾಗದ ಬಂದ್ರೆ ಅಪ್ಪ ಅಮ್ಮ ಏನ್ಮಾಡ್ಬೇಕು

ಮಗೂಗೆ ಹಿಂಸೆ ಕೊಟ್ರು ಅನ್ನೋ ದೂರಿನ ಮೇಲೆ ವಿಚಾರಣೆಗೆ ಬಂದ ಸೋಷಿಯಲ್ ವರ್ಕರ್ ಕೇಸ್ ಕ್ಲೋಸ್ ಅಂತ ಹೇಳಿ ಹೋದ್ಮೇಲೆ ಎಷ್ಟೋ ಜನ ಸದ್ಯ ಮುಗೀತಲ್ಲಪ್ಪ ಅಂತ ಕೂತ್ಬಿಡ್ತಾರೆ, ಆಮೇಲೆ ಕೌಂಟಿಯಿಂದ ಬರೋ ಕವರು ಜಂಕ್ ಮೇಲ್ ಜೊತೆ ಒಡೀದೇ ಬಿದ್ದಿರುತ್ತೆ. ಅದ್ರಲ್ಲಿ ಎಸ್‌ಒಸಿ 832 ಅನ್ನೋ ನೋಟಿಸ್ ಇದ್ರೆ ನಿಮ್ಮ ಮೇಲಿನ ದೂರು 'ಸಬ್‌ಸ್ಟ್ಯಾನ್ಷಿಯೇಟೆಡ್' (ಅಂದ್ರೆ ದೂರಿಗೆ ಆಧಾರ ಇದೆ) ಅಂತ ಬರೆದು, ರಾಜ್ಯದ ಡಿಪಾರ್ಟ್‌ಮೆಂಟ್ ಆಫ್ ಜಸ್ಟಿಸ್ ಇಟ್ಕೊಂಡಿರೋ ಸಿಎಸಿಐ (ಚೈಲ್ಡ್ ಅಬ್ಯೂಸ್ ಸೆಂಟ್ರಲ್ ಇಂಡೆಕ್ಸ್, ಮಕ್ಕಳ ಮೇಲಿನ ಹಿಂಸೆ ದೂರುಗಳ) ಪಟ್ಟಿಗೆ ಹೆಸರು ಕಳ್ಸಿದಾರೆ ಅಂತ ಅರ್ಥ. ಜೈಲೂ ಇಲ್ಲ ದಂಡಾನೂ ಇಲ್ಲ, ಆದ್ರೆ ಡೇಕೇರ್ ಲೈಸೆನ್ಸ್, ದತ್ತು, ಫಾಸ್ಟರ್ ಕೇರ್ (ಬೇರೆಯೋರ ಮಕ್ಕಳನ್ನ ತಾತ್ಕಾಲಿಕವಾಗಿ ಸಾಕೋದು) ಅಂತ ಹೋದಾಗ ಈ ಪಟ್ಟಿ ನೋಡೇ ನೋಡ್ತಾರೆ.

ನೋಟಿಸ್ ತಾರೀಕಿಂದ 30 ದಿನದೊಳಗೆ ಎಸ್‌ಒಸಿ 834 ಫಾರಂ ತುಂಬಿ ಗ್ರೀವನ್ಸ್ ಹಿಯರಿಂಗ್ (ಪಟ್ಟಿಗೆ ಹೆಸರು ಹಾಕಿದ್ದನ್ನ ಪ್ರಶ್ನಿಸೋ ವಿಚಾರಣೆ) ಕೇಳ್ಬೇಕು, ವಾರದ ದಿನ ಮಾತ್ರ ಅಲ್ಲ, ಶನಿವಾರ ಭಾನುವಾರಾನೂ ಸೇರ್ಸಿ ಲೆಕ್ಕ. ಫಾರಂ ಜೊತೇಲೇ ಬಂದಿರುತ್ತೆ. ಕೊಟ್ಟಿದ್ದಕ್ಕೆ ಪುರಾವೆ ಇಟ್ಕೊಳ್ಳಿ. ಅದಕ್ಕೆ ಮುಂಚೆ ದೂರು ಯಾವ ಥರದ್ದು ನೋಡಿ, ಯಾಕಂದ್ರೆ ಬರೀ 'ಜನರಲ್ ನೆಗ್ಲೆಕ್ಟ್' (ಮಗೂಗೆ ಏಟಾಗಿಲ್ಲ, ಆದ್ರೆ ಸರಿಯಾಗಿ ನೋಡ್ಕೊಂಡಿಲ್ಲ ಅನ್ನೋದು) ಆಗಿದ್ರೆ ಕಾನೂನಿನ ಪ್ರಕಾರ ಈ ಪಟ್ಟಿಗೆ ಕಳ್ಸೋ ಹಾಗೇ ಇಲ್ಲ, 2012ರಿಂದ 'ಇನ್‌ಕನ್‌ಕ್ಲೂಸಿವ್' (ಹೌದೋ ಅಲ್ವೋ ಅಂತ ಗೊತ್ತಾಗದ) ದೂರನ್ನೂ ಕಳ್ಸಲ್ಲ. ಆದ್ರೆ ಕೋರ್ಟೇ ಆಗ್ಲೇ ಹಿಂಸೆ ನಡೆದಿದೆ ಅಂತ ತೀರ್ಮಾನ ಮಾಡಿದ್ರೆ ಹಿಯರಿಂಗ್ ಸಿಗಲ್ಲ.

ಇನ್ನು ತಯಾರಿ. ನಮ್ಮೋರು ಇಲ್ಲೇ ಎಡವೋದು, ನಾವು ಮಕ್ಕಳನ್ನ ಎಷ್ಟು ಪ್ರೀತಿಯಿಂದ ಬೆಳೆಸ್ತೀವಿ, ನಮ್ಮ ಕಡೆ ಎರಡೇಟು ಹಾಕೋದು ಮಾಮೂಲು ಅಂತ ಉದ್ದುದ್ದ ಬರೀತಾರೆ, ಎರಡೇಟು ಅಂದಿದ್ದು ಒಪ್ಕೊಂಡ ಹಾಗಾಯ್ತಲ್ಲ! ಆ ದಿನ ಏನಾಯ್ತು ಅಷ್ಟೇ ಬರೀರಿ. ಡಾಕ್ಟರ್ ರಿಪೋರ್ಟು, ಟೀಚರ್ ಇಮೇಲು, ಫೋಟೋ, ಕಣ್ಣಾರೆ ಕಂಡ ಪಕ್ಕದ್ಮನೆಯೋರು, ಇವು ಕೆಲಸಕ್ಕೆ ಬರೋದು. ಹಿಯರಿಂಗ್‌ಗೆ 10 ಕೆಲಸದ ದಿನ ಮುಂಚೆ ಎರಡೂ ಕಡೆಯೋರು ದಾಖಲೆ, ಸಾಕ್ಷಿಗಳ ಪಟ್ಟಿ ತೋರಿಸ್ಬೇಕು, ಕೌಂಟಿಯೋರ ಕಾಗದಾನ ಸಾಲು ಸಾಲಾಗಿ ಓದಿ.

ಲಾಯರ್ ಕರ್ಕೊಂಡು ಹೋಗ್ಬಹುದು. ಪೊಲೀಸ್ ಕೇಸೂ ನಡೀತಿದ್ರೆ ಲಾಯರ್ ಕೇಳ್ದೆ ಬಾಯಿ ಬಿಡ್ಲೇಬೇಡಿ, ಹಿಯರಿಂಗಲ್ಲಿ ಪ್ರಮಾಣ ಮಾಡಿ ಹೇಳಿದ್ದೆಲ್ಲ ರೆಕಾರ್ಡ್ ಆಗುತ್ತೆ. ಮೊದಲು ಕೌಂಟಿಯೋರೇ ತಮ್ಮ ಸಾಕ್ಷಿ ಇಡ್ಬೇಕು, ಆಮೇಲೆ ನಿಮ್ಮ ಸರದಿ. ಹಿಯರಿಂಗ್ ನಡೆಸೋ ಅಧಿಕಾರಿ ನಿಮ್ಮ ಕೇಸಲ್ಲಿ ಕೈ ಹಾಕಿರಬಾರದು, ಅವರು ಬರೀ ಶಿಫಾರಸು ಕೊಡ್ತಾರೆ, ಕೊನೇ ತೀರ್ಮಾನ ಕೌಂಟಿ ಡೈರೆಕ್ಟರ್‌ದು. ಅಲ್ಲೂ ಸೋತ್ರೆ ಸುಪೀರಿಯರ್ ಕೋರ್ಟಲ್ಲಿ ರಿಟ್ (ಕೌಂಟಿ ತೀರ್ಮಾನಾನ ಪ್ರಶ್ನಿಸೋ ಅರ್ಜಿ) ಹಾಕ್ಬಹುದು, ಅದಕ್ಕಂತೂ ಲಾಯರ್ ಬೇಕೇ ಬೇಕು.

ಗೆದ್ರೂ ಸುಮ್ನಾಗ್ಬೇಡಿ. ಸ್ವಲ್ಪ ದಿನ ಬಿಟ್ಟು ನೋಟರಿ ಮಾಡ್ಸಿದ ಅರ್ಜಿ ಡಿಪಾರ್ಟ್‌ಮೆಂಟ್ ಆಫ್ ಜಸ್ಟಿಸ್‌ಗೆ ಕಳ್ಸಿ, ಹೆಸರು ನಿಜವಾಗ್ಲೂ ತೆಗ್ದಿದಾರಾ ಅಂತ ಕೇಳಿ.