ಸುತಳಿಗೆ ಕಟ್ಟಿದ ನೋಟ್‌ಬುಕ್ಕು ಮತ್ತು ನಮ್ಮ ಓಟಿ

"ಪೀಣ್ಯದಲ್ಲಿ ಐದೂವರೆಗೆ ಮನೆಗೆ ಹೋಗ್ತೀನಿ ಅಂತ ಹೊರಟೋರು ಬಹಳ ಜನ ನೋಡಿದೀನಿ ಕಣಪ್ಪ, ಎಲ್ರೂ ಕೆಲಸ ಬಿಟ್ಟೇ ಹೋದ್ರು." ಈ ಮಾತು ಬಾಸ್ ಅಂದಿದ್ದಲ್ಲ, ನನ್ನ ಪಕ್ಕದ ಮೆಷಿನ್ನಿನ ಹಿರಿಯ ಆಪರೇಟರ್ ಅಂದಿದ್ದು. ಈಗ ಐದೂಕಾಲಿಗೇ ಕೈಗೆ ಸೋಪು ಹಚ್ಚಿಕೊಂಡು ನಲ್ಲಿ ಹತ್ತಿರ ನಿಂತಿರೋರು ಅವರೇ. ಅದಕ್ಕೇ ಇದನ್ನ ಬರೀತಿದೀನಿ.

ನಮ್ಮದು ಸೆಕೆಂಡ್ ಸ್ಟೇಜಿನಲ್ಲಿರೋ ಜಾಬ್‌ವರ್ಕ್ ಯೂನಿಟ್ಟು, ಬೇರೆ ಕಂಪನಿಗಳಿಗೆ ಬಿಡಿಭಾಗ ಕತ್ತರಿಸಿ ಕೊಡೋದು. ಐದು ಟರ್ನಿಂಗ್ ಸೆಂಟರ್ (ಕಂಪ್ಯೂಟರ್ ಲೇತು), ಒಂದು ವಿಎಂಸಿ (ಮಿಲ್ಲಿಂಗ್ ಮಾಡೋ ಮೆಷಿನ್ನು), ಎಲ್ಲ ಸೇರಿ ಹದಿನೆಂಟು ಜನ. ನಾನು ಸೆಟ್ಟರ್, ಹೊಸ ಜಾಬಿಗೆ ಮೆಷಿನ್ ಸಿದ್ಧ ಮಾಡೋನು. ಕಾಗದದ ಮೇಲೆ ಶಿಫ್ಟು ಎಂಟೂವರೆಯಿಂದ ಐದೂವರೆ. ವಾರದಲ್ಲಿ ಮೂರ್ನಾಲ್ಕು ದಿನ ಮನೆಗೆ ಹೊರಡ್ತಿದ್ದದ್ದು ರಾತ್ರಿ ಒಂಬತ್ತೂವರೆ, ಹತ್ತಕ್ಕೆ. ತಿಂಗಳಿಗೆ ಎರಡು ಭಾನುವಾರ ಬೇರೆ. ಹತ್ತಿರ ಹತ್ತಿರ 80 ಗಂಟೆ ಓಟಿ, ಅಂದ್ರೆ ಓವರ್‌ಟೈಮ್, ಆಗ್ತಿತ್ತು.

ದುಡ್ಡಿನ ಲೆಕ್ಕ ಹೇಳಿಬಿಡ್ತೀನಿ. ನನ್ನ ಸಂಬಳ ಆಗ 24,000. ಅದನ್ನ 26ರಿಂದ, ಆಮೇಲೆ 8ರಿಂದ ಭಾಗಿಸಿದ್ರೆ ಗಂಟೆಗೆ 115 ರೂಪಾಯಿ. ಓಟಿ ಡಬಲ್ ಅಂದ್ರೆ 230. ನಮ್ಮ ಬಾಸ್ ಕೊಡ್ತಿದ್ದದ್ದು ಸಿಂಗಲ್, ಅದೂ ಬರೀ 13,000 ಬೇಸಿಕ್ ಮೇಲೆ, ಗಂಟೆಗೆ 62 ಚಿಲ್ಲರೆ. 18,000 ಬರಬೇಕಾದ ಕಡೆ ಐದು ಸಾವಿರ, ಅದೂ ವೋಚರಲ್ಲಿ. ಸಂಬಳದ ಪಟ್ಟಿಯಲ್ಲಿ ಓಟಿ ಕಾಣಬಾರದಲ್ಲ, ಅದಕ್ಕೇ ವೋಚರ್.

ಮೊದಲು ನೇರವಾಗಿ "ಸರ್, ಇವತ್ತು ಆಗಲ್ಲ" ಅಂದೆ. ಮಾರನೇ ದಿನದಿಂದ ಒಂದು ವಾರ ನನ್ನನ್ನ ಬ್ಯಾಂಡ್‌ಸಾ ಮುಂದೆ ನಿಲ್ಲಿಸಿದ್ರು. ಹನ್ನೊಂದು ವರ್ಷದ ಸೆಟ್ಟರ್, ರಾಡು ಕತ್ತರಿಸ್ತಾ ನಿಂತಿದ್ದೆ.

ಆಮೇಲೆ ಸುಳ್ಳು. ಅತ್ತೆಗೆ ಹುಷಾರಿಲ್ಲ ಅಂತ ಮೂರು ಸಲ ಬೇಗ ಹೋದೆ. ನಾಲ್ಕನೇ ಸಲ ಬಾಸ್ ಕಾಳಜಿಯಿಂದಲೋ ಅನುಮಾನದಿಂದಲೋ ಮನೆಗೆ ಫೋನ್ ಮಾಡಿದ್ರು. ಎತ್ತಿದ್ದು ಅತ್ತೆಯೇ. "ಚೆನ್ನಾಗಿದೀನಿ ಕಣಪ್ಪ, ಈಗ ತಾನೆ ರಾಗಿ ಬೀಸಿಸ್ಕೊಂಡು ಬಂದೆ" ಅಂದ್ರಂತೆ. ಆ ತಿಂಗಳು ಮೂರು ಭಾನುವಾರ ಹೋಗಬೇಕಾಯ್ತು.

ಒಗ್ಗಟ್ಟಿನ ಪ್ರಯತ್ನ ಇನ್ನೂ ಕೆಟ್ಟದಾಯ್ತು. ಮಂಗಳವಾರ ಎಲ್ಲರೂ ಐದೂವರೆಗೆ ಎದ್ದು ಹೋಗೋದು ಅಂತ ಹನ್ನೊಂದು ಜನ ಟೀ ಅಂಗಡಿ ಮುಂದೆ ಒಪ್ಪಿದ್ದರು. ಗೇಟಿನ ಹೊರಗೆ ಬಂದಿದ್ದು ನಾನು, ಒಬ್ಬ ಹೆಲ್ಪರ್ರು. ಅವತ್ತು ಸಿಟ್ಟು ಬಂತು. ಆಮೇಲೆ ಯೋಚನೆ ಮಾಡಿದ್ರೆ, ಒಬ್ಬನಿಗೆ ಬೈಕಿನ ಕಂತು, ಒಬ್ಬನಿಗೆ ಚೀಟಿ, ಇನ್ನೊಬ್ಬ ಊರಲ್ಲಿ ಬೋರ್‌ವೆಲ್ ಕೊರೆಸಿ ಸಾಲ ಮಾಡಿಕೊಂಡಿದ್ದಾನೆ. ಆ ಐದು ಸಾವಿರ ಅವರಿಗೆ ಬೇಕೇ ಬೇಕು. ಓಟಿ ನಿಲ್ಲಿಸ್ತೀನಿ ಅಂತ ಹೊರಟೋನು ಮೊದಲು ಅದಕ್ಕೆ ದಾರಿ ಮಾಡಬೇಕು. ಇದು ತಲೆಗೆ ಹೋಗೋಕೆ ನನಗೆ ಒಂದು ವರ್ಷ ಹಿಡೀತು.

ಕಾನೂನೂ ಹೇಳಿ ನೋಡಿದೆ. ಆಗಿದ್ದ ಫ್ಯಾಕ್ಟರಿ ಕಾಯ್ದೆಯ 59ನೇ ಕಲಂ, ಡಬಲ್ ಕೊಡಬೇಕು ಅಂತ. 2023ರಲ್ಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 12 ಗಂಟೆವರೆಗೂ ಕೆಲಸ ಮಾಡಿಸಬಹುದು ಅಂತ ತಿದ್ದುಪಡಿ ಬಂದಿತ್ತಲ್ಲ, ಬಾಸ್ ಆ ಸುದ್ದಿಯನ್ನ ಪೇಪರಿಂದ ಕತ್ತರಿಸಿ ಪಂಚಿಂಗ್ ಮೆಷಿನ್ ಪಕ್ಕ ಅಂಟಿಸಿದ್ದರು. ವಾರಕ್ಕೆ 48 ಗಂಟೆ ಅನ್ನೋದು ಹಾಗೇ ಇದೆ, ಕೆಲಸಗಾರ ಒಪ್ಪಿಗೆ ಬರೆದುಕೊಡಬೇಕು ಅನ್ನೋದನ್ನ ಅವರು ಓದಿರಲಿಲ್ಲ. ತೋರಿಸಿದ್ದಕ್ಕೆ "ಲಾಯರ್ ಸಾಹೇಬ್ರು ಬಂದ್ರು" ಅಂತ ಶಾಪ್‌ಫ್ಲೋರೆಲ್ಲ ನಗೋ ಹಾಗೆ ಹೇಳಿದ್ರು. ಲೇಬರ್ ಆಫೀಸಿಗೆ ಹೋಗಬಹುದಿತ್ತು. ಹೋದೋರಿದ್ದಾರೆ, ಗೆದ್ದೋರೂ ಇದ್ದಾರೆ. ನನಗೆ ಆ ಕೆಲಸ ಬೇಕಿತ್ತು.

ದಾರಿ ಸಿಕ್ಕಿದ್ದು ನನ್ನದೇ ತಪ್ಪಿನಿಂದ. 35 ಎಚ್7 ಬೋರಿನ ಫ್ಲಾಂಜು ಓಡ್ತಿತ್ತು, ಅಂದ್ರೆ ನಡುವಿನ 35 ಮಿಮೀ ತೂತು ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಆಗಬಾರದ ಪೀಸು. ರಾತ್ರಿ ಎಂಟೂಮುಕ್ಕಾಲು ಇರಬಹುದು, ಫಿನಿಶಿಂಗ್ ಇನ್ಸರ್ಟ್ (ಕೊನೆಯ ಕಟ್ ಹೊಡೆಯೋ ಟೂಲಿನ ತುದಿ) ಬದಲಾಯಿಸಿದೆ. ತೂತಿನ ಅಳತೆ ನೋಡೋ ಪ್ಲಗ್ ಗೇಜಿನಲ್ಲಿ ಗೋ ಕಡೆ ಒಳಗೆ ಹೋಗಬೇಕು, ನೋ ಗೋ ಕಡೆ ಹೋಗಬಾರದು. ಮೊದಲ ಪೀಸಿಗೆ ಗೋ ಕಡೆ ಒಳಗೆ ಹೋಗಲಿಲ್ಲ. ಟೂಲಿನ ಜಾಗ ತಿದ್ದೋ ಆಫ್‌ಸೆಟ್ಟಿಗೆ 0.02 ಮಿಮೀ ಕೊಡಬೇಕು, ಕಣ್ಣು ಎಳೀತಿತ್ತು, 0.2 ಒತ್ತಿದೀನಿ. ಮುಂದಿನ ಪೀಸಿಗೆ ಗೋ ಸಲೀಸಾಗಿ ಇಳೀತು. ನೋ ಗೋ ಕಡೆ ತಿರುಗಿಸಿ ನೋಡಲೇ ಇಲ್ಲ. ಹತ್ತೂವರೆವರೆಗೆ 63 ಪೀಸು. ಬೆಳಿಗ್ಗೆ ಪೀಸು ಪರೀಕ್ಷೆ ಮಾಡೋ ಕ್ಯೂಸಿ ಹುಡುಗ ನೋ ಗೋ ಬಿಟ್ಟರೆ ಬಾವಿಗೆ ಬಿಂದಿಗೆ ಬಿಟ್ಟ ಹಾಗೆ ಇಳೀತಂತೆ. ಫೋರ್ಜಿಂಗು, ಕೂಲಿ ಎಲ್ಲ ಸೇರಿ ಹನ್ನೊಂದು ಸಾವಿರದ ಮೇಲೆ ನಷ್ಟ. ಆ ರಾತ್ರಿ ನಿಂತ ನಾಲ್ಕು ಜನರ ಓಟಿ ಒಂದೂವರೆ ಸಾವಿರ ರೂಪಾಯಿಯೂ ಇರಲಿಲ್ಲ.

ಬೈಸಿಕೊಂಡೆ, ಬೈಸಿಕೊಳ್ತಾ ಒಂದು ವಿಚಾರ ಹೊಳೀತು. ಬಾಸಿಗೆ ನನ್ನ ಮನೆ, ನನ್ನ ಬೆನ್ನುನೋವು ಕಾಣಲ್ಲ, ಸ್ಕ್ರಾಪ್ ಬಿನ್ನು ಕಾಣುತ್ತೆ.

ಇನ್ನೂರು ಪೇಜಿನ ಲಾಂಗ್ ನೋಟ್‌ಬುಕ್ ತಂದು ಪ್ಯಾನೆಲ್ ಪಕ್ಕ ಸುತಳಿಯಲ್ಲಿ ಕಟ್ಟಿದೆ. ಪ್ರತಿ ಗಂಟೆಗೆ ಎಷ್ಟು ಪೀಸು, ಎಷ್ಟು ರಿಜೆಕ್ಟು, ಮೆಷಿನ್ ನಿಂತಿದ್ರೆ ಯಾಕೆ. ಮೊದಲ ವಾರ ಬರೀ ಎಣ್ಣೆ ಕೈ ಗುರುತು. ಪೆನ್ನು ಕಳುವಾಯ್ತು, ಅದನ್ನೂ ಸುತಳಿಗೆ ಕಟ್ಟಿದೆ. ಆರು ವಾರ ಬರೆದೆ. ಸಂಜೆ ಎಂಟರ ಮೇಲೆ ಗಂಟೆಗೆ 48 ಬರೋ ಕಡೆ 38, 39. ರಿಜೆಕ್ಷನ್ ಹಗಲಲ್ಲಿ ನೂರಕ್ಕೆ ಒಂದು ಇದ್ದದ್ದು ರಾತ್ರಿ ನಾಲ್ಕೈದು. ಅದಕ್ಕಿಂತ ಹೊಟ್ಟೆ ಉರಿದದ್ದು ಬೆಳಗಿನ ಪುಟ ನೋಡಿ. ಒಂದೊಂದು ಮೆಷಿನ್ನೂ ಹಗಲಲ್ಲಿ ದಿನಕ್ಕೆ ಹತ್ತಿರ ಹತ್ತಿರ ಎರಡು ಗಂಟೆ ಸುಮ್ಮನೆ ನಿಲ್ತಿತ್ತು. ಮೆಷಿನ್ ಎಂಟೂವರೆಗೆ ಆನ್, ಫಸ್ಟ್ ಪೀಸ್ ಪಾಸ್ ಮಾಡೋ ಕ್ಯೂಸಿ ಹುಡುಗ ಬರೋದು ಒಂಬತ್ತೂವರೆಗೆ. ಹಗಲು ಕಳೆದದ್ದನ್ನ ರಾತ್ರಿ ಹುಡುಕ್ತಾ ಕೂತಿದ್ವಿ ಅಷ್ಟೇ.

ಯಾರನ್ನೂ ಕೇಳದೆ ನನ್ನ ಎರಡು ಮೆಷಿನ್ನಿನಲ್ಲಿ ಶುರು ಮಾಡಿದೆ. ನಾಳೆಯ ಜಾಬಿನ ಪೀಸು ಹಿಡಿಯೋ ಸಾಫ್ಟ್ ಜಾ ಇವತ್ತೇ ಬೋರ್ ಮಾಡಿ ನಂಬರ್ ಹಾಕಿ ಶೆಲ್ಫಲ್ಲಿ ಇಡೋದು, ಇನ್ಸರ್ಟು, ಗೇಜು ಒಂದೇ ಟ್ರೇಯಲ್ಲಿ. ಸೆಟ್ಟಿಂಗು ಒಂದೂಮುಕ್ಕಾಲು ಗಂಟೆಯಿಂದ ನಲವತ್ತು ನಿಮಿಷಕ್ಕೆ ಬಂತು. ಜಾ ಮತ್ತೆ ಅದೇ ಜಾಗಕ್ಕೆ ಕೂರೋಕೆ ನಾನು ಮಾಡಿರೋ ಒಂದು ಉಪಾಯ ಇದೆ, ಅದನ್ನ ಇಲ್ಲಿ ಬರೆಯಲ್ಲ. ಅದು ನನ್ನ ಅನ್ನ.

ಬಾಸ್ ಹತ್ತಿರ ಹೋಗಿದ್ದು 21ನೇ ತಾರೀಖು ಬೆಳಿಗ್ಗೆ. 20ಕ್ಕೆ ಜಿಎಸ್‌ಟಿ ಕಟ್ಟೋವರೆಗೂ ಅವರಿಗೆ ಏನೂ ಹೇಳಬಾರದು, ತಿಂಗಳ ಕೊನೆಗೆ ಡಿಸ್ಪ್ಯಾಚ್ ಬಿಸಿ. ನಡುವೆ ಮೂರ್ನಾಲ್ಕು ದಿನವೇ ಮನುಷ್ಯ ಮನುಷ್ಯನ ಹಾಗಿರೋದು. ಓಟಿ ಅನ್ನೋ ಪದವನ್ನೇ ಎತ್ತಲಿಲ್ಲ. ನೋಟ್‌ಬುಕ್ ಇಟ್ಟು, "ಸರ್, ರಾತ್ರಿ ಎರಡು ಮೆಷಿನ್ನಿಗೆ ಹತ್ತು ಎಚ್‌ಪಿ ಕಂಪ್ರೆಸರ್ ಓಡಿ ಕರೆಂಟು ದಂಡ ಆಗ್ತಿದೆ, ಮೂರು ವಾರ ನನ್ನ ಮೆಷಿನ್ ಆರಕ್ಕೆ ನಿಲ್ಲಿಸ್ತೀನಿ. ಒಂದು ಡಿಸ್ಪ್ಯಾಚ್ ತಪ್ಪಿದ್ರೂ ಒಂದು ತಿಂಗಳು ಪುಕ್ಕಟೆ ನಿಲ್ತೀನಿ" ಅಂದೆ.

"ಏನಪ್ಪಾ, ಗಡಿಯಾರ ನೋಡ್ಕೊಂಡು ಕೆಲಸ ಮಾಡೋ ಪ್ಲಾನಾ?" ಅಂದ್ರು. ಆದ್ರೆ ಪುಟ ತಿರುಗಿಸ್ತಾನೇ ಇದ್ರು. ಕ್ಯೂಸಿ ಹುಡುಗನ್ನ ಎಂಟಕ್ಕೆ ಬರೋಕೆ ಹೇಳಿದ್ರು.

ಎರಡನೇ ದಿನವೇ ಎಡವಿದೆ. ಹೀಟ್ ಟ್ರೀಟ್‌ಮೆಂಟಿಂದ ಮಾಲು ಬಂದಿದ್ದು ಮಧ್ಯಾಹ್ನ ಮೂರೂವರೆಗೆ, ಒಂಬತ್ತರವರೆಗೆ ನಿಂತೆ. ಹಿರಿಯರು ನಕ್ಕರು. ಮಾರನೇ ದಿನದಿಂದ ಟೆಂಪೋ ಡ್ರೈವರಿಗೆ ನಾನೇ ಬೆಳಿಗ್ಗೆ ಏಳಕ್ಕೆ ಫೋನ್ ಮಾಡೋದು, ದಿನಕ್ಕೊಂದು ಟೀ ನನ್ನ ಖರ್ಚು. ಮೂರು ವಾರ ಮುಗಿದಾಗ ಒಂದು ಡಿಸ್ಪ್ಯಾಚೂ ತಪ್ಪಿರಲಿಲ್ಲ.

ಹುಡುಗರ ದುಡ್ಡಿಗೆ ಹೀಗೆ ಮಾಡಿದ್ವಿ: ಶಿಫ್ಟಿಗೆ 340ರ ಮೇಲೆ ಬಂದ ಪ್ರತಿ ಓಕೆ ಪೀಸಿಗೆ ಎರಡು ರೂಪಾಯಿ. ಐವತ್ತು ಹೆಚ್ಚು ಬಂದ್ರೆ ದಿನಕ್ಕೆ ನೂರು, ತಿಂಗಳಿಗೆ 2,600. ಸಾಲಲ್ಲ ಅಂತ ಗಲಾಟೆ ಆಯ್ತು, ನ್ಯಾಯವಾಗಿತ್ತು. ನಾಲ್ಕು ತಿಂಗಳಾದ ಮೇಲೆ ಮೂರು ರೂಪಾಯಿ ಮಾಡಿಸಿದೆ. ನನ್ನ ಕೈಗೆ ಈಗಲೂ ಮೊದಲಿಗಿಂತ ಸಾವಿರ ಸಾವಿರದೈನೂರು ಕಮ್ಮಿ, ಸುಳ್ಳು ಹೇಳಲ್ಲ. ಮೊದಲ ದಿನ ಆರೂವರೆಗೆ ಲಗ್ಗೆರೆ ಮನೆ ಬಾಗಿಲು ತಟ್ಟಿದಾಗ ಹೆಂಡತಿ ಕೇಳಿದ್ದು, "ಕೆಲಸ ಹೋಯ್ತಾ?"

ನಡುವೆ ಏನೇನೋ ಮಾಡಿ ನೋಡಿದೆ. ನಾಲ್ಕರ ಟೀ ಐದಕ್ಕೆ ತಳ್ಳಿದೆ, ಎಲ್ಲರೂ ಸಿಡುಕಿದರು, ಬಿಟ್ಟೆ. ಎಫ್‌ಎಂ ರೇಡಿಯೋ ಹಾಕಿದೆ, ಕ್ರಿಕೆಟ್ ದಿನ ರಿಜೆಕ್ಷನ್ ಜಾಸ್ತಿ. ಐದರ ಮೇಲೆ ಸೂಕ್ಷ್ಮ ಅಳತೆಯ ಬೋರ್ ಫಿನಿಶಿಂಗ್ ಬೇಡ, ಬರೀ ಫೇಸಿಂಗು, ಡೀಬರಿಂಗಿನಂಥ ಸುಲಭದ ಕೆಲಸ ಅಂತ ಮಾಡಿದ್ದು ಮಾತ್ರ ನಿಂತಿದೆ.

ಈಗ ಓಟಿ ತಿಂಗಳಿಗೆ ಹದಿನೈದು, ಇಪ್ಪತ್ತು ಗಂಟೆ. ಮಾರ್ಚಲ್ಲಿ ಎರಡು ಭಾನುವಾರ ಕೇಳಿದ್ರು. "ಡಬಲ್ ಸರ್, ಗ್ರಾಸ್ ಮೇಲೆ" ಅಂದೆ. ಒಂದೂವರೆ ಪಟ್ಟು ಕೊಡ್ತೀನಿ ಅಂದ್ರು, ಒಂದು ಭಾನುವಾರ ಹೋದೆ.

ವಿಎಂಸಿ ಹುಡುಗ ಮಾತ್ರ ಇನ್ನೂ ರಾತ್ರಿ ಒಂಬತ್ತಕ್ಕೇ ಹೋಗೋದು. ಒಂದೇ ಮೆಷಿನ್ನು, ಒಬ್ಬನೇ ಆಪರೇಟರ್ರು, ನಮ್ಮ ಲೆಕ್ಕ ಅಲ್ಲಿ ಕೂರ್ತಿಲ್ಲ. ಅವನ ಪ್ಯಾನೆಲ್ ಪಕ್ಕ ನೋಟ್‌ಬುಕ್ ಕಟ್ಟಿ ಹತ್ತು ದಿನ ಆಯ್ತು. ಪೆನ್ನು ಎರಡು ಸಲ ಕಳುವಾಗಿದೆ.