ಬೇಸ್‌ಮೆಂಟ್ ಪರ್ಮಿಟ್‌ಗೆ ಡ್ರಾಯಿಂಗ್ ಹಾಕುವ ಮುಂಚೆ ಆ ಕಿಟಕಿಯನ್ನೊಮ್ಮೆ ತೆರೆದು ನೋಡಿ

ಈ ವರ್ಷ ಇದು ಮೂರನೇ ಮನೆ. ಕೆನಡಾದ ಮಿಲ್ಟನ್, ಬ್ರಾಂಪ್ಟನ್ ಕಡೆಯ ನಮ್ಮವರು ಅಪ್ಪ ಅಮ್ಮ ಬರುತ್ತಾರೆ ಅಂತ ಬೇಸ್‌ಮೆಂಟಿನಲ್ಲಿ ಒಂದು ರೂಮ್ ಮಾಡಲು ಹೊರಡುತ್ತಾರೆ, ನಾನು ಎಡವಿದ ಕಲ್ಲನ್ನೇ ಹುಡುಕಿಕೊಂಡು ಹೋಗಿ ಎಡವುತ್ತಾರೆ. ಅದಕ್ಕೆ ನಗರಾಡಳಿತದ ಕಟ್ಟಡ ಪರ್ಮಿಟ್ ಬೇಕಾ ಬೇಡವಾ ಅನ್ನುವ ಚರ್ಚೆಗೆ ನಾನಿಲ್ಲ. ಬೇಕು, ಅಷ್ಟೇ.

ನಾವಿರುವ ಒಂಟಾರಿಯೋ ಪ್ರಾಂತ್ಯದಲ್ಲಿ ನಿಮ್ಮ ಸ್ವಂತ ಮನೆಯ ಡ್ರಾಯಿಂಗನ್ನು ನೀವೇ ತಯಾರಿಸಬಹುದು. ಅರ್ಜಿಯ ಜೊತೆ ಕೊಡುವ ಶೆಡ್ಯೂಲ್ 1 ಅನ್ನುವ ಫಾರಂನಲ್ಲಿ, ಮನೆ ನನ್ನದು, ಡಿಸೈನ್ ಮಾಡಿದ್ದೂ ನಾನೇ ಅಂತ ಬರೆದು ಸಹಿ ಹಾಕಿದರೆ ಆಯಿತು. ಬೇರೆಯವರಿಂದ ಮಾಡಿಸಿದರೆ ಅವರಿಗೆ ಬಿಸಿಐಎನ್ ಅನ್ನುವ, ಅರ್ಹ ಡಿಸೈನರ್‌ಗಳಿಗೆ ಪ್ರಾಂತ್ಯ ಕೊಡುವ ನಂಬರ್ ಇರಬೇಕು, ಇಲ್ಲವೇ ಲೈಸೆನ್ಸ್ ಇರುವ ಎಂಜಿನಿಯರ್ ಅಥವಾ ಆರ್ಕಿಟೆಕ್ಟ್ ಆಗಿರಬೇಕು. ಗೆಳೆಯನೊಬ್ಬ ಮೈಸೂರಿನ ಕಸಿನ್ ಹತ್ತಿರ ಆಟೋಕ್ಯಾಡಿನಲ್ಲಿ ಚೆಂದವಾಗಿ ಬರೆಸಿ ತರಿಸಿದ. ಕಸಿನ್ ಹೆಸರು ಹಾಕುವ ಹಾಗಿಲ್ಲ ಅಂತ ಕೌಂಟರಿನಲ್ಲೇ ವಾಪಸ್ ಕಳಿಸಿದರು.

ಬೇಕಾದ ಹಾಳೆಗಳು ಜಾಸ್ತಿ ಏನಿಲ್ಲ. ಈಗ ಇರುವ ಪ್ಲಾನ್, ಮಾಡಬೇಕೆಂದಿರುವ ಪ್ಲಾನ್ (ಎರಡೂ ಬೇರೆ ಬೇರೆ ಹಾಳೆಯಲ್ಲಿದ್ದರೆ ಒಳ್ಳೆಯದು), ಗೋಡೆಯ ಸೆಕ್ಷನ್ (ಅಡ್ಡ ಕತ್ತರಿಸಿದಂತೆ ತೋರಿಸುವ ಚಿತ್ರ), ಸೀಲಿಂಗ್ ಎತ್ತರ, ಅದರ ಕೆಳಗೆ ಇಳಿದಿರುವ ಡಕ್ಟ್‌ಗಳು, ಸ್ಮೋಕ್ ಅಲಾರಂ ಎಲ್ಲೆಲ್ಲಿ, ಬಾತ್‌ರೂಮ್ ಇದ್ದರೆ ಪೈಪ್ ಎಲ್ಲಿ. ಸ್ಕೇಲ್ 1:50 ಇಟ್ಟುಕೊಳ್ಳಿ. ಪ್ರತಿ ರೂಮಿಗೂ ಹೆಸರು ಬರೆಯಿರಿ. ಬೆಡ್‌ರೂಮನ್ನು ‘ಸ್ಟೋರೇಜ್’ ಅಂತ ಬರೆಯುವ ಜಾಣತನ ಬೇಡ, ಪರ್ಮಿಟ್ ಕಚೇರಿಯವರು ಅದನ್ನು ನಮಗಿಂತ ಮುಂಚೆ ನೋಡಿದ್ದಾರೆ. ವೈರಿಂಗ್‌ಗೆ ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿಯ ಹತ್ತಿರ ಪ್ರತ್ಯೇಕವಾಗಿ ಹೋಗಬೇಕು. ಮನೆಗಳ ಅರ್ಜಿಗೆ 10 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು ಅನ್ನುವ ನಿಯಮವಿದೆ, ಆದರೆ ಅದು ಅರ್ಜಿ ಪೂರ್ತಿ ಇದ್ದರೆ ಮಾತ್ರ. ಒಂದು ಹಾಳೆ ಬಿಟ್ಟಿರೋ, ಆ ಲೆಕ್ಕ ನಿಮಗಿಲ್ಲ.

ಈಗ ಕಿಟಕಿಗೆ ಬರೋಣ.

ಬೇಸ್‌ಮೆಂಟಿನಲ್ಲಿ ಮಲಗುವವರು ಬೆಂಕಿ ಬಿದ್ದರೆ ಕಿಟಕಿಯಿಂದ ಹೊರಗೆ ಹೋಗುವಂತಿರಬೇಕು. ಇಲ್ಲಿನ ಬಿಲ್ಡಿಂಗ್ ಕೋಡ್, ಅಂದರೆ ಕಟ್ಟಡ ನಿಯಮ, ಕೇಳುವುದು ಇಷ್ಟು: ಅಡೆತಡೆಯಿಲ್ಲದೆ ತೆರೆದ ಜಾಗ ಕನಿಷ್ಠ 0.35 ಚದರ ಮೀಟರ್, ಯಾವ ಬದಿಯೂ 380 ಮಿಲಿಮೀಟರಿಗಿಂತ ಕಡಿಮೆ ಇರಬಾರದು. ಎರಡೂ ಒಟ್ಟಿಗೆ ಆಗಬೇಕು. ಒಂದು ಬದಿ 380 ಆದರೆ ಇನ್ನೊಂದು 920ರ ಮೇಲೆ ಬೇಕು. ‘ತೆರೆದ ಜಾಗ’ ಅನ್ನುವ ಪದವನ್ನು ನಾನು ಓದಿದ್ದೆ, ಅರ್ಥ ಮಾಡಿಕೊಂಡಿರಲಿಲ್ಲ.

ಪರ್ಮಿಟ್‌ಗೆ ಅರ್ಜಿ ಹಾಕುವ ಮೊದಲೇ ಬಾಕ್ಸಿಂಗ್ ಡೇ (ಕ್ರಿಸ್‌ಮಸ್ ಮಾರನೇ ದಿನ) ಸೇಲಿನಲ್ಲಿ ಒಂದು ಕಿಟಕಿ ತಂದಿಟ್ಟಿದ್ದೆ. 36 ಇಂಚು ಅಗಲ, 24 ಇಂಚು ಎತ್ತರದ ಸ್ಲೈಡರ್, ಅಂದರೆ ಪಕ್ಕಕ್ಕೆ ಸರಿಯುವ ಕಿಟಕಿ. ಡ್ರಾಯಿಂಗ್‌ನ ವಿಂಡೋ ಪಟ್ಟಿಯಲ್ಲಿ 36 ಗುಣಿಸು 24, ಅಂದರೆ 0.56 ಚದರ ಮೀಟರ್ ಅಂತ ಹೆಮ್ಮೆಯಿಂದ ಬರೆದೆ. ಸ್ಲೈಡರ್ ಅನ್ನುವ ಪದ ಬರೆಯಲಿಲ್ಲ. ಮುಚ್ಚಿಡಬೇಕು ಅಂತಲ್ಲ, ಸುಮ್ನೆ ಹೊಳೆಯಲಿಲ್ಲ. ಪರ್ಮಿಟ್ ಬಂತು, ಕಿಟಕಿ ಕೂತಿತು, ಗೋಡೆಗೆ ಬಣ್ಣವೂ ಆಯಿತು. ಕೊನೆಯ ಇನ್ಸ್‌ಪೆಕ್ಷನ್ನಿಗೆ ಬಂದ ಹೆಂಗಸು ಮಾತಾಡಲೇ ಇಲ್ಲ, ಕಿಟಕಿ ಪಕ್ಕಕ್ಕೆ ಸರಿಸಿ ಟೇಪ್ ಹಿಡಿದರು. ಸ್ಲೈಡರ್ ತೆರೆಯುವುದು ಅರ್ಧ ಮಾತ್ರ ಅಲ್ವಾ? 18 ಇಂಚು ಗುಣಿಸು 24, 0.28 ಕೂಡ ಮುಟ್ಟುವುದಿಲ್ಲ. ಫ್ರೇಮ್ ಕಳೆದರೆ ಇನ್ನೂ ಕಮ್ಮಿ.

ಅಲ್ಲಿಂದ ಶುರುವಾಯಿತು. ಕಿಟಕಿ ಕಿತ್ತು, ಬದಲಾದ ಡ್ರಾಯಿಂಗ್ ಕೊಟ್ಟು, ಅದಕ್ಕೆ ಬೇರೆ ಫೀಸ್ ಕಟ್ಟಿ, ಕಾಂಕ್ರೀಟ್ ಕತ್ತರಿಸುವವರಿಗಾಗಿ ಮೂರು ವಾರ ಕಾದು. ಒಟ್ಟು 4 ಸಾವಿರ ಡಾಲರಿನ ಮೇಲೆ ಹೋಯಿತು. ಅಪ್ಪ ಅಮ್ಮನ ಟಿಕೆಟ್ ಅದಾಗಲೇ ಆಗಿತ್ತು, ಅವರು ಬಂದು ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡರು. ‘ಇಷ್ಟು ಖರ್ಚು ಮಾಡಿ ನಮ್ಮನ್ನ ಹಾಲಲ್ಲಿ ಮಲಗಿಸ್ತೀಯಲ್ಲೋ’ ಅಂತ ಅಮ್ಮ ಈಗಲೂ ನಗುತ್ತಾಳೆ.

ಆ ಕತ್ತರಿಸುವವನು ಹೇಳಿದ ಮಾತು ನಿಮಗೂ ಬೇಕಾಗುತ್ತದೆ. ಇರುವ ಕಿಟಕಿಯನ್ನು ಅಗಲ ಮಾಡಬೇಡಿ, ಕೆಳಕ್ಕೆ ಇಳಿಸಿ. ಅಗಲ ಹಾಗೇ ಇದ್ದರೆ ಮೇಲಿನ ಲಿಂಟಲ್ ಮುಟ್ಟಬೇಕಾಗಿಲ್ಲ. ಅಗಲ ಮಾಡಿದಿರೋ, ಎಂಜಿನಿಯರ್ ಹಿಂದೆ ಹೋಗಬೇಕಾಗುತ್ತದೆ. ಆದರೆ ಕೆಳಕ್ಕೆ ಇಳಿದರೆ ಹೊರಗಿನ ಮಣ್ಣನ್ನೂ ತೋಡಿ ಕಿಟಕಿಯ ಮುಂದೆ ಗುಂಡಿ ಮಾಡಬೇಕು. ಇವರು ವಿಂಡೋ ವೆಲ್ ಅನ್ನುತ್ತಾರೆ. ಆ ಗುಂಡಿಯಲ್ಲಿ ಕಿಟಕಿಯ ಮುಂದೆ ಕೋಡ್ ಹೇಳುವಷ್ಟು ಜಾಗ ಬೇಕು, ಕಿಟಕಿ ಹೊರಕ್ಕೆ ತೆರೆದು ಆ ದಾರಿಯನ್ನೇ ಅಡ್ಡಗಟ್ಟಬಾರದು, ನೀರು ನಿಲ್ಲದಂತೆ ಡ್ರೇನ್ ಇರಬೇಕು. ಇದೆಲ್ಲಾ ಸೆಕ್ಷನ್ ಡ್ರಾಯಿಂಗ್‌ನಲ್ಲಿ ಕಾಣಬೇಕು. ಮೂರು ಮನೆಯಲ್ಲಿ ಎರಡರಲ್ಲಿ ಈ ಗುಂಡಿಯೇ ಡ್ರಾಯಿಂಗ್‌ನಲ್ಲಿ ಇರಲಿಲ್ಲ.

ನಾವು ಹೀಗೆ ಎಡವುವುದಕ್ಕೆ ಕಾರಣ ಬೆಂಗಳೂರು ಅಂತ ನನ್ನ ಅನುಮಾನ. ಊರಿನ ನಮ್ಮ ಮನೆಯ ಸ್ಯಾಂಕ್ಷನ್ ಪ್ಲಾನಿನಲ್ಲಿ ಸುತ್ತಲೂ ಸೆಟ್‌ಬ್ಯಾಕ್, ಅಂದರೆ ಬಿಡಬೇಕಾದ ಖಾಲಿ ಜಾಗ, ಇದೆ. ಮನೆಯ ಸುತ್ತ ಇಲ್ಲ. ಪ್ಲಾನ್ ಪಾಲಿಕೆಗೆ, ಮನೆ ನಮಗೆ. ಇಲ್ಲಿ ಪರ್ಮಿಟ್ ಸಿಕ್ಕ ಡ್ರಾಯಿಂಗ್ ಸೈಟಿನಲ್ಲೇ ಇರಬೇಕು, ಇನ್ಸ್‌ಪೆಕ್ಟರ್ ಅದನ್ನು ಗೋಡೆಯ ಪಕ್ಕ ಹಿಡಿದು ನೋಡುತ್ತಾರೆ. ಯಾವುದು ಒಳ್ಳೆಯದು ಅಂತ ಕೇಳಿದರೆ, ಇದೇ. ಆದರೂ ಒಂದು ಮಾತು: ನಮ್ಮ ಮೇಸ್ತ್ರಿ ಆಗಿದ್ದರೆ ಡಬ್ಬ ತೆರೆದ ದಿನವೇ ‘ಸಾರ್, ಇದರಲ್ಲಿ ಮನುಷ್ಯ ತೂರಲ್ಲ’ ಅನ್ನುತ್ತಿದ್ದ. ಇಲ್ಲಿನ ಕಂಟ್ರಾಕ್ಟರ್ ನಾನು ಕೊಟ್ಟದ್ದನ್ನು ಕೂರಿಸಿ ಹೋದ.

ಆದ್ದರಿಂದ ಪಟ್ಟಿಯಲ್ಲಿ ಕಿಟಕಿ ಹೇಗೆ ತೆರೆಯುತ್ತದೆ ಅಂತ ಬರೆಯಿರಿ. ಬಾಗಿಲಿನ ಹಾಗೆ ಪೂರ್ತಿ ತೆರೆಯುವ ಕೇಸ್‌ಮೆಂಟ್ ಆದರೆ ಲೆಕ್ಕ ಸುಲಭ. ತೆರೆದಾಗ ನಿಜವಾಗಿ ಸಿಗುವ ಅಳತೆಯನ್ನು ಅಂಗಡಿಯವರಿಂದ ಬರಹದಲ್ಲಿ ತೆಗೆದುಕೊಂಡು ಅದನ್ನೇ ಹಾಕಿ. ಪರ್ಮಿಟ್ ಕೈಗೆ ಬಂದ ಮೇಲೆ ಆರ್ಡರ್ ಮಾಡಿ, ಸೇಲ್ ಇದ್ದರೂ ಸರಿ. ನನ್ನ ಸ್ಲೈಡರ್ ಇನ್ನೂ ಗ್ಯಾರೇಜಿನಲ್ಲಿದೆ, ಯಾರಿಗಾದರೂ ಶೆಡ್‌ಗೆ ಬೇಕಾದರೆ ಬಂದು ಒಯ್ಯಬಹುದು.