ಡಿಕಾಕ್ಷನ್ ಇಳಿಯುತ್ತಿಲ್ಲವಾ? ಫಿಲ್ಟರ್‌ಗೆ ಬೈಯಬೇಡಿ

ಮಣಿಪಾಲದಲ್ಲಿ ಓದುತ್ತಿರುವ ತಂಗಿಯ ಮಗ ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ ಫೋನ್ ಮಾಡಿದ. "ದೊಡ್ಡಮ್ಮ, ನೀವು ಕೊಟ್ಟ ಫಿಲ್ಟರ್ ಹಾಳಾಗಿದೆ. ರಾತ್ರಿ ಹಾಕಿದ ನೀರು ಇನ್ನೂ ಮೇಲೆಯೇ ನಿಂತಿದೆ." ಸಂಜೆ ಹೋಗಿ ನೋಡಿದರೆ ಪುಡಿಯನ್ನು ಕ್ರಿಕೆಟ್ ಪಿಚ್ಚಿಗೆ ರೋಲರ್ ಹೊಡೆದ ಹಾಗೆ ಅದುಮಿಟ್ಟಿದ್ದಾನೆ. ಪಕ್ಕದ ಮನೆಯವರದ್ದು ಇದರ ಉಲ್ಟಾ, ಮೇಲೆ ನೀರು ಹೊಯ್ದರೆ ನಲ್ಲಿ ಬಿಟ್ಟ ಹಾಗೆ ಸೊಯ್ಯನೆ ಇಳಿದು ಹೋಗುತ್ತದೆ, ಬಣ್ಣ ಮಾತ್ರ ಕಾಫಿಯದ್ದು. ಇಬ್ಬರೂ ಎಡವಿದ್ದು ಒಂದೇ ಜಾಗದಲ್ಲಿ, ಪುಡಿ ಹಾಕಿ ಮೊದಲ ನೀರು ಹೊಯ್ಯುವ ಆ ಎರಡು ನಿಮಿಷದಲ್ಲಿ.

ಮೊದಲು ಪುಡಿ. ಕಣ್ಣೆದುರೇ ಬೀಜ ಹುರಿದು ಪುಡಿ ಮಾಡಿಕೊಡುವ ಅಂಗಡಿ ಇದ್ದರೆ ಅಲ್ಲಿಂದಲೇ ತನ್ನಿ. "ಫಿಲ್ಟರ್‌ಗೆ" ಅಂತ ಹೇಳಿದರೆ ಸಾಕು, ಅವರಿಗೆ ಗೊತ್ತು. ಬೆರಳಲ್ಲಿ ಉಜ್ಜಿದಾಗ ಸಣ್ಣ ತರಿ ಸಿಗಬೇಕು, ಮೈದಾದ ಹಾಗೆ ನುಣುಪಾದರೆ ಕೆಟ್ಟಿತು. ಪ್ಯಾಕೆಟ್ ತರುವವರು ಹಿಂಬದಿಯ ಸಣ್ಣ ಅಕ್ಷರ ಓದಿ. ಚಿಕೋರಿ ಮಿಶ್ರಣದಲ್ಲಿ ಕಾಫಿ 51 ಶೇಕಡಾಕ್ಕೆ ಕಡಿಮೆ ಇರಬಾರದು ಅಂತ ಮಾತ್ರ ನಿಯಮ ಇರುವುದು. ಅಂದರೆ ಹತ್ತಿರ ಹತ್ತಿರ ಅರ್ಧದಷ್ಟು ಚಿಕೋರಿ ಬೇರು ಕುಡಿಸಿದರೂ ಕಾನೂನು ಪ್ರಕಾರ ಸರಿ! ಚಿಕೋರಿ ಬಣ್ಣ ಕೊಡುತ್ತದೆ, ಗಟ್ಟಿ ಕೊಡುತ್ತದೆ, ಪರಿಮಳ ಕೊಡುವುದಿಲ್ಲ. ನನ್ನ ಲೆಕ್ಕ ಕಾಫಿ 80, ಚಿಕೋರಿ 20, ಅದಕ್ಕಿಂತ ಜಾಸ್ತಿ ಚಿಕೋರಿ ಬೇಡವೇ ಬೇಡ.

ಕಾಲು ಕೆಜಿಗಿಂತ ಹೆಚ್ಚು ಒಟ್ಟಿಗೆ ತರಬೇಡಿ, ಮಳೆಗಾಲದಲ್ಲಂತೂ 100 ಗ್ರಾಂ ಸಾಕು. ನಮ್ಮ ಊರಿನ ಥಂಡಿ ಗೊತ್ತಲ್ವಾ, ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ, ಇನ್ನು ಕಾಫಿ ಪುಡಿ ಬಿಡ್ತದಾ? ತಮಾಷೆ ಏನು ಅಂದ್ರೆ ಇದೇ ಥಂಡಿ ಗಾಳಿಗೆ ಮಂಗಳೂರಿನ ಕಾಫಿ ಕ್ಯೂರಿಂಗ್ (ಬೀಜ ಹದ ಮಾಡುವ) ಕಾರ್ಖಾನೆಗಳಲ್ಲಿ ಬೆಲೆ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹಸಿ ಬೀಜವನ್ನು ಗಾಳಿಯಾಡುವ ಗೋದಾಮಿನ ನೆಲದ ಮೇಲೆ ಹರಡಿ, ಆಗಾಗ ಎಳೆದು ಮಗುಚಿ, ಬೇಕೆಂದೇ ಮಳೆಗಾಲದ ಗಾಳಿ ಕುಡಿಸುತ್ತಾರೆ. ಬೀಜ ಉಬ್ಬಿ ಹಳದಿಗೆ ತಿರುಗುತ್ತದೆ, ಹುಳಿ ಕಮ್ಮಿಯಾಗುತ್ತದೆ. ಹಿಂದೆ ಹಾಯಿ ಹಡಗಿನಲ್ಲಿ ತಿಂಗಳುಗಟ್ಟಲೆ ಸಮುದ್ರದ ಗಾಳಿ ತಿಂದು ಯುರೋಪಿಗೆ ಹೋಗುತ್ತಿದ್ದ ಕಾಫಿಯ ರುಚಿಯೇ ಅಲ್ಲಿಯವರಿಗೆ ಅಭ್ಯಾಸವಾಗಿತ್ತು, ಹಡಗು ಬೇಗ ಮುಟ್ಟುವ ಕಾಲ ಬಂದ ಮೇಲೆ ಅದನ್ನು ಇಲ್ಲೇ ಮಾಡಿ ಕಳಿಸಬೇಕಾಯಿತು. ಮಾನ್ಸೂನ್ಡ್ ಮಲಬಾರ್ ಅನ್ನುವುದು ಇದಕ್ಕೇ. ಆದರೆ ಅದು ಹುರಿಯದ ಬೀಜದ ಕಥೆ. ಪುಡಿಗೆ ಥಂಡಿ ತಾಗಿದರೆ ಮುಗಿಯಿತು, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಯಲ್ಲಿಡಿ, ಒದ್ದೆ ಚಮಚ ಹಾಕಬೇಡಿ.

ಇನ್ನು ಫಿಲ್ಟರ್. ಮೇಲಿನ ಪಾತ್ರೆ ಪೂರ್ತಿ ಒಣಗಿರಬೇಕು. ಒದ್ದೆ ಇದ್ದರೆ ಪುಡಿ ತಳಕ್ಕೆ ಅಂಟಿ ತೂತು ಮುಚ್ಚುತ್ತದೆ. ಇಬ್ಬರಿಗೆ ಸುಮಾರು 25 ಗ್ರಾಂ ಪುಡಿ ಹಾಕಿ. ಪುಡಿ ಪಾತ್ರೆಯ ಅರ್ಧದಿಂದ ಮೇಲೆ ಹೋಗಬಾರದು, ಹೋಗುತ್ತದೆ ಅಂದ್ರೆ ನಿಮ್ಮ ಫಿಲ್ಟರ್ ಸಣ್ಣದು. ಈಗ ಪಾತ್ರೆಯನ್ನು ಅಂಗೈಗೆ ಎರಡು ಸಲ ಮೆಲ್ಲ ತಟ್ಟಿ. ಪುಡಿ ಸಮ ಆಗುತ್ತದೆ. ಅಷ್ಟೇ! ಚಮಚದ ಬೆನ್ನಿನಿಂದ ಒತ್ತುವುದು, ಹೆಬ್ಬೆರಳಿನಿಂದ ಅದುಮುವುದು ಯಾವುದೂ ಬೇಡ. ಒಳಗೆ ಹಾಕುವ ಕೊಡೆ, ಹಿಡಿ ಇರುವ ತೂತಿನ ತಟ್ಟೆ ಇದೆಯಲ್ಲ, ಅದು ಇರುವುದು ಪುಡಿ ಒತ್ತಲಿಕ್ಕೆ ಅಂತ ಎಷ್ಟೋ ಜನ ತಿಳಿದಿದ್ದಾರೆ. ನೀರು ಬಿದ್ದಲ್ಲಿ ಪುಡಿ ಗುಂಡಿ ಬೀಳಬಾರದು ಅಂತ ಅದು ಇರುವುದು. ಸುಮ್ನೆ ಪುಡಿಯ ಮೇಲೆ ಕೂರಿಸಿ, ತೆಗೆಯಬೇಡಿ.

ನೀರು ಕುದಿಸಿ ಗ್ಯಾಸ್ ಆಫ್ ಮಾಡಿ ಅರ್ಧ ನಿಮಿಷ ಬಿಡಿ. ನಂತರ ಎರಡು ಮೂರು ದೊಡ್ಡ ಚಮಚದಷ್ಟೇ ನೀರನ್ನು ಕೊಡೆಯ ಮೇಲೆ ಸುತ್ತ ಹೊಯ್ದು ನಿಲ್ಲಿಸಿ. ಇಲ್ಲಿ ಕೈ ತಡೆಯುವುದೇ ಕಷ್ಟ, ಎಲ್ಲರಿಗೂ ಅರ್ಜೆಂಟ್. ಪುಡಿ ಮೆಲ್ಲ ಉಬ್ಬಿ ಕೊಡೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಬರುತ್ತದೆ, ಹುರಿಯುವಾಗ ಬೀಜದೊಳಗೆ ಸೇರಿಕೊಂಡ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವುದು ಅದು. ಗುಳ್ಳೆ ಬರಲೇ ಇಲ್ಲ ಅಂದ್ರೆ ಪುಡಿ ಹಳತು, ಅಂಗಡಿಯವ ಏನೇ ಹೇಳಲಿ. ಅರ್ಧ ನಿಮಿಷ ಬಿಟ್ಟು ಉಳಿದ ನೀರು ನಿಧಾನ ಹೊಯ್ಯಿರಿ, ಒಟ್ಟು 150 ಮಿಲಿಲೀಟರ್. ಅದರಲ್ಲಿ ಸುಮಾರು 50 ಪುಡಿಯೇ ಕುಡಿಯುತ್ತದೆ, ಕೆಳಗೆ ಬರುವುದು 100.

ಮುಚ್ಚಳ ಹಾಕಿ ಕಿವಿ ಕೊಡಿ. ಒಂದು ನಿಮಿಷದೊಳಗೆ ಟಪ್ ಟಪ್ ಕೇಳಬೇಕು, ಪೂರ್ತಿ ಇಳಿಯಲು 15ರಿಂದ 20 ನಿಮಿಷ. ಐದು ನಿಮಿಷವಾದರೂ ಶಬ್ದ ಇಲ್ಲವಾ? ಫಿಲ್ಟರನ್ನು ಕುಟ್ಟಬೇಡಿ, ಗ್ಯಾಸಿನ ಮೇಲೆ ಇಡಬೇಡಿ (ಹುಡುಗ ಅದನ್ನೂ ಮಾಡಿದ್ದ). ಮೇಲಿನ ಪಾತ್ರೆಯನ್ನು ಒಂದು ಕೂದಲೆಳೆಯಷ್ಟು ಎತ್ತಿ ಬಿಡಿ. ಎರಡೂ ಪಾತ್ರೆ ಬಿಗಿಯಾಗಿ ಕೂತರೆ ಕೆಳಗಿನ ಗಾಳಿಗೆ ಹೊರಗೆ ಹೋಗಲು ದಾರಿ ಇರುವುದಿಲ್ಲ, ಅದು ಡಿಕಾಕ್ಷನ್ ಇಳಿಯಲು ಬಿಡುವುದಿಲ್ಲ. ಎತ್ತಿದ ಕೂಡಲೇ ಟಪ್ ಟಪ್ ಶುರುವಾಗುವುದನ್ನು ಎಷ್ಟು ಸಲ ನೋಡಿದ್ದೇನೋ. ಆಗಲೂ ಇಳಿಯದಿದ್ದರೆ ಕೊಡೆಯ ಹಿಡಿ ಹಿಡಿದು ಚೂರು ಮೇಲೆತ್ತಿ, ಅದಕ್ಕೂ ಬಗ್ಗದಿದ್ದರೆ ಪುಡಿ ನುಣ್ಣಗಾಗಿದೆ. ಮೂರು ನಿಮಿಷದಲ್ಲೇ ಎಲ್ಲ ಇಳಿದರೆ ಪುಡಿ ತರಿ ಜಾಸ್ತಿ, ಇಲ್ಲ ಪುಡಿ ಹಾಕುವುದರಲ್ಲಿ ನೀವು ಜಿಪುಣರು.

ಹಾಲು ಹೊಸತಾಗಿ ಕಾಯಿಸಿ, ಉಕ್ಕಿ ಬಂದ ಕೂಡಲೇ ಇಳಿಸಿ. ಒಂದು ಪಾಲು ಡಿಕಾಕ್ಷನ್‌ಗೆ ಮೂರು ಪಾಲು ಹಾಲು, ನೀರು ಬೆರೆಸದ್ದು. ಲೋಟಕ್ಕೆ ಸಕ್ಕರೆ, ಡಿಕಾಕ್ಷನ್, ಆಮೇಲೆ ಹಾಲು, ಎರಡು ಸಲ ಎತ್ತಿ ಹೊಯ್ದರೆ ನೊರೆ. ಆರಿದ ಡಿಕಾಕ್ಷನ್ ಕುದಿಸಿದರೆ ಬರೀ ಕಹಿ, ಬಿಸಿ ನೀರಿನ ಪಾತ್ರೆಯಲ್ಲಿ ಇಟ್ಟು ಬಿಸಿ ಮಾಡಿ. ನಮ್ಮ ಕಡೆಯ ಬೆಲ್ಲದ ಕಾಫಿ ಬೇಕಾದವರು ಬೆಲ್ಲವನ್ನು ಕುದಿಯುವ ಹಾಲಿಗೆ ಹಾಕಿ ಒಡೆಸಿಕೊಳ್ಳಬೇಡಿ, ಡಿಕಾಕ್ಷನ್‌ನಲ್ಲಿ ಕರಗಿಸಿ, ಹಾಲು ಸ್ವಲ್ಪ ತಣಿದ ಮೇಲೆ ಸೇರಿಸಿ. ಅದೇ ಪುಡಿಗೆ ಮತ್ತೆ ನೀರು ಹೊಯ್ದು ತೆಗೆದ ಎರಡನೇ ಡಿಕಾಕ್ಷನ್ ಬಗ್ಗೆ ನಾನು ಮಾತಾಡುವುದಿಲ್ಲ, ಬೇಡದ ನೆಂಟರಿಗೆ ಇರಲಿ.

ಉಳಿದ ಚರಟ ನಮ್ಮಲ್ಲಿ ಮಲ್ಲಿಗೆ ಗಿಡದ ಬುಡಕ್ಕೆ ಹೋಗುತ್ತದೆ. ತೊಳೆದ ಮೇಲೆ ಮೇಲಿನ ಪಾತ್ರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ತೂತು ಮುಚ್ಚಿದ್ದರೆ ಖಾಲಿ ಪಾತ್ರೆಯನ್ನು ಸಣ್ಣ ಉರಿಯಲ್ಲಿ ಒಂದು ನಿಮಿಷ ಇಡಿ, ಸಿಕ್ಕಿಕೊಂಡ ಪುಡಿ ಸುಟ್ಟು ಉದುರುತ್ತದೆ. ಇದು ಸ್ಟೀಲಿಗೆ ಮಾತ್ರ, ಕಲಾಯಿ ಹಾಕಿದ ಹಿತ್ತಾಳೆಗೆ ಮಾಡಿದರೆ ಕಲಾಯಿ ಕರಗುತ್ತದೆ. ಪ್ಲಾಸ್ಟಿಕ್ ಹಿಡಿ ಇರುವ ಕೊಡೆಯನ್ನೂ ಉರಿಗೆ ಹಿಡಿಯಬೇಡಿ, ನಮ್ಮನೆಯದ್ದು ಹಾಗೇ ಹೋದದ್ದು.